ನೆರಳುಬೇರಿಗೆ ಒಂದು ಮರಿ ಬೇಕು

ಪ್ರಶ್ನೆ: ಮೀನುಗಳೇ ಇಲ್ಲದ ಒಂದು ಕಲ್ಪಿತ ಗ್ರಹದ ಸಮುದ್ರಕ್ಕೆ ಪಾಚಿ, ಬಸವನಹುಳು ಮತ್ತು ಬಂಡೆ-ಹಡಗುಗಳಿಗೆ ಅಂಟಿ ಬದುಕುವ ಚಿಪ್ಪುಪ್ರಾಣಿಗಳಾದ ಬಾರ್ನಕಲ್‌ಗಳನ್ನು ಮಾತ್ರ ಬಿಟ್ಟರೆ ಐದು ಕೋಟಿ ವರ್ಷಗಳ ನಂತರ ಅಲ್ಲಿ ಏನಿರಬಹುದೆಂದು ಊಹಿಸಿ, ಚಿತ್ರಸಹಿತ ಬರೆಯುತ್ತಿದ್ದೇನೆ. ಬಸವನಹುಳುಗಳಿಂದ ಚಿಪ್ಪಿಲ್ಲದ ದೊಡ್ಡ ಈಜುಪ್ರಾಣಿಗಳು ವಿಕಾಸಗೊಂಡಿವೆ. ಬಾರ್ನಕಲ್ ವಂಶದ ‘ನೆರಳುಬೇರು’ ಎಂಬ ಹಲ್ಲುಳ್ಳ ಪರಾವಲಂಬಿಯು ಅವುಗಳ ಮೈಯೊಳಗೆ ಬೇರುಬಿಟ್ಟು, ಮೆದುಳನ್ನು ವಶಪಡಿಸಿಕೊಂಡು, ಮೂರೇ ದಿನಗಳಲ್ಲಿ ಕೊಲ್ಲುತ್ತದೆ. ಇದು ವಿಜ್ಞಾನಕ್ಕೆ ಒಪ್ಪುತ್ತದೆಯೇ? ಇನ್ನಷ್ಟು ಕಾಲ ಕಳೆದರೆ ಇದು ಆಮ್ಲಜನಕವೇ ಬೇಡದಷ್ಟು ಸರಳವಾಗಬಹುದೇ?

ಉತ್ತರ: ಬಸವನಹುಳು ಈಜುಗಾರನಾಗುವುದರಲ್ಲಿ ಅಡ್ಡಿಯೇನೂ ಇಲ್ಲ, ನಮ್ಮ ಸಾಗರಗಳಲ್ಲೇ ಹೆಟೆರೋಪಾಡ್ ಎಂಬ ಬಸವನಹುಳುಗಳ ಪಾದವು ಈಜುರೆಕ್ಕೆಯಾಗಿ ಮಾರ್ಪಟ್ಟಿದೆ. ಬಾರ್ನಕಲ್ ಬೇರುಬಿಡುವುದಕ್ಕೂ ಸಾಕ್ಷಿಯಿದೆ. ಅನೆಲಾಸ್ಮ ಎಂಬ ಬಾರ್ನಕಲ್ ಆಳಸಮುದ್ರದ ಸಣ್ಣ ಶಾರ್ಕ್‌ಗಳ ಚರ್ಮದಲ್ಲಿ ಅರ್ಧ ಹುದುಗಿ ನಿಂತು, ತನ್ನ ಕಾಂಡದಿಂದ ಹೊರಟ ಬೇರಿನಂಥ ಎಳೆಗಳ ಮೂಲಕ ಶಾರ್ಕ್‌ನ ಮಾಂಸದಿಂದಲೇ ಪೋಷಣೆ ಪಡೆಯುತ್ತದೆ. ಅದರ ಬಂಧುಗಳು ನೀರಿನಲ್ಲಿ ಆಹಾರ ಸೋಸಲು ಬಳಸುವ ಗರಿಯಂಥ ಕಾಲುಗಳು ಅದರಲ್ಲಿ ಇನ್ನೂ ಇವೆ, ಆದರೆ ಸೋಸುವ ಕೆಲಸಕ್ಕೆ ಬಾರದಷ್ಟು ಕ್ಷೀಣಿಸಿವೆ. ನಿಮ್ಮ ಜೀವಿಯ ಮುತ್ತಜ್ಜಿ ಹೇಗಿದ್ದಿರಬೇಕೆಂದು ಕೇಳಿದರೆ ಇದನ್ನೇ ತೋರಿಸಬಹುದು. ಈ ದಾರಿಯಲ್ಲಿ ಬಾಯಿಯೇ ಬೇಡವಾಗುವುದರಿಂದ, ಚಿತ್ರದಲ್ಲಿರುವ ಹಲ್ಲುಗಳನ್ನು ಮಾತ್ರ ದಯವಿಟ್ಟು ಅಳಿಸಿಬಿಡಿ.

ಮೂರು ದಿನಗಳ ಸಾವು ನನಗೆ ಒಪ್ಪಿಗೆಯಾಗಲಿಲ್ಲ. ವಾಸಿಸುವ ಮೈಯನ್ನೇ ಅಷ್ಟು ಬೇಗ ಕೆಡವಿದರೆ ಪರಾವಲಂಬಿಗೆ ಮೊಟ್ಟೆಗಳನ್ನು ಬೆಳೆಸಲು ಸಮಯವೆಲ್ಲಿ ಸಿಗುತ್ತದೆ? ಏಡಿಗಳನ್ನು ಕಾಡುವ ಸ್ಯಾಕ್ಯುಲಿನ ಎಂಬ ನಿಜವಾದ ಬಾರ್ನಕಲ್ ಹೆಚ್ಚು ಲಾಭದ ವಿಧಾನವನ್ನು ಕಂಡುಕೊಂಡಿದೆ. ಅದರ ಹೆಣ್ಣುಮರಿ ಏಡಿಯ ಮೇಲೆ ಕುಳಿತು, ಕಾಲು ಮತ್ತು ಚಿಪ್ಪುಗಳನ್ನು ಕಳಚಿ, ಸೂಜಿಯಂಥ ನಳಿಕೆಯ ಮೂಲಕ ಒಂದು ಸಣ್ಣ ಜೀವಕೋಶದ ಗುಂಪನ್ನಷ್ಟೇ ಒಳಗೆ ಚುಚ್ಚುತ್ತದೆ. ಆ ಗುಂಪೇ ಏಡಿಯ ಮೈತುಂಬ ಬೇರಾಗಿ ಹರಡಿ, ಕೊನೆಗೆ ಹೊಟ್ಟೆಯ ಕೆಳಗೆ, ಹೆಣ್ಣೇಡಿ ತನ್ನ ಮೊಟ್ಟೆಗಳನ್ನು ಹೊರುವ ಜಾಗದಲ್ಲೇ, ಒಂದು ಚೀಲವಾಗಿ ಹೊರಬರುತ್ತದೆ. ಅಷ್ಟರಲ್ಲಿ ಏಡಿ ಸಂತಾನಶಕ್ತಿಯನ್ನು ಕಳೆದುಕೊಂಡಿರುತ್ತದೆ, ಆದರೆ ಬದುಕಿರುತ್ತದೆ, ತಿನ್ನುತ್ತಿರುತ್ತದೆ. ತನ್ನ ಮರಿಗಳಿಗೆ ಹೋಗಬೇಕಾಗಿದ್ದ ಶಕ್ತಿಯನ್ನು ಅದು ಬಾಡಿಗೆಯಂತೆ ಕಟ್ಟುತ್ತಿರುತ್ತದೆ ಎನ್ನಬಹುದು, ಬಾಡಿಗೆ ಕಟ್ಟುತ್ತಿರುವುದು ಮನೆಯ ಯಜಮಾನನೇ ಎಂಬುದು ಬೇರೆ ಮಾತು.

‘ಮೆದುಳಿನ ವಶ’ದ ವಿಷಯವೂ ಇಲ್ಲೇ ತಿಳಿಯಾಗುತ್ತದೆ. ಸ್ಯಾಕ್ಯುಲಿನ ಏಡಿಗೆ ಹೊಸದೇನನ್ನೂ ಕಲಿಸುವುದಿಲ್ಲ. ಮೊಟ್ಟೆಗಳನ್ನು ಉಜ್ಜಿ ಶುಚಿಯಾಗಿಡುವ, ಮರಿ ಹೊರಬರುವಾಗ ನೀರನ್ನು ಬೀಸಿ ಚದುರಿಸುವ ಹೆಣ್ಣೇಡಿಯ ಹಳೆಯ ಅಭ್ಯಾಸವನ್ನೇ ತನ್ನ ಚೀಲದ ಕಡೆಗೆ ತಿರುಗಿಸಿಕೊಳ್ಳುತ್ತದೆ. ಗಂಡೇಡಿಗೆ ಸೋಂಕಿದರೂ ಅದರ ಹೊಟ್ಟೆಯ ಭಾಗ ಅಗಲವಾಗಿ, ಅದೂ ಹೆಣ್ಣಿನಂತೆಯೇ ಚೀಲವನ್ನು ಆರೈಕೆ ಮಾಡತೊಡಗುತ್ತದೆ. ಆದ್ದರಿಂದ ನೆರಳುಬೇರನ್ನು ಮುಟ್ಟುವ ಮೊದಲು ನಿಮ್ಮ ಈಜುಪ್ರಾಣಿಗೆ ಮೊಟ್ಟೆ ಕಾಯುವ ಅಭ್ಯಾಸವೊಂದನ್ನು ಕೊಡಿ. ಜಾಂತಿನ ಎಂಬ ನೇರಳೆ ಬಸವನಹುಳುಗಳು ಲೋಳೆಯಿಂದ ನೊರೆಗುಳ್ಳೆಗಳ ತೆಪ್ಪ ಕಟ್ಟಿಕೊಂಡು ಸಾಗರದ ಮೇಲ್ಮೈಯಲ್ಲಿ ತೇಲುತ್ತವೆ. ಅವುಗಳಲ್ಲಿ ಕೆಲವು ಪ್ರಭೇದಗಳು ಮೊಟ್ಟೆಚೀಲಗಳನ್ನು ಅದೇ ತೆಪ್ಪಕ್ಕೆ ಅಂಟಿಸುತ್ತವೆ. ನಿಮ್ಮ ಪ್ರಾಣಿಯೂ ಹಾಗೆ ತೆಪ್ಪ ಕಟ್ಟಿ ಕಾಯುವುದಾದರೆ, ಸೋಂಕು ತಗುಲಿದ ಗಂಡೂ ಹೆಣ್ಣೂ ಖಾಲಿ ತೆಪ್ಪ ಕಟ್ಟಿ ಪರಾವಲಂಬಿಯ ಚೀಲಗಳನ್ನು ಅದಕ್ಕೆ ಒತ್ತಿಕೊಂಡು ಕೂರಬಹುದು. ಮೆದುಳನ್ನು ಕಬಳಿಸುವ ರಾಕ್ಷಸನಿಗಿಂತ ಇದು ನನಗೆ ಹೆಚ್ಚು ಭಯಾನಕವಾಗಿ ತೋರುತ್ತದೆ.

ನಿಮ್ಮ ಬರಹದಲ್ಲಿ ನಿಜಕ್ಕೂ ಕಾಣೆಯಾಗಿರುವುದು ಮರಿ. ಪೂರ್ಣ ಬೆಳೆದ ನೆರಳುಬೇರನ್ನು ನೋಡಿದವರು ಅದು ಬಾರ್ನಕಲ್ ಎಂದು ಯಾವ ಆಧಾರದಿಂದ ಹೇಳಬೇಕು? ಬಾರ್ನಕಲ್‌ಗಳನ್ನೇ ಹಿಂದೆ ಬಸವನಹುಳುಗಳ ಬಳಗವಾದ ಮೃದ್ವಂಗಿಗಳ ಸಾಲಿಗೆ ಸೇರಿಸಿದ್ದರು. 1830ರಲ್ಲಿ ಜಾನ್ ವಾಘನ್ ಥಾಂಪ್ಸನ್ ಎಂಬ ಪ್ರಕೃತಿವಿಜ್ಞಾನಿ ಅವುಗಳ ಮರಿಗಳನ್ನು ಗಮನಿಸಿದ ಮೇಲೆಯೇ ಅವು ಏಡಿ ಸಿಗಡಿಗಳ ಬಳಗವೆಂದು ತಿಳಿಯಿತು. ಚೀಲ ಮತ್ತು ಬೇರುಗಳ ಹೊರತು ಏನೂ ಉಳಿಯದ ಸ್ಯಾಕ್ಯುಲಿನದ ಗುಟ್ಟನ್ನು ಬಿಟ್ಟುಕೊಟ್ಟದ್ದೂ ಅದರ ಈಜುವ ಮರಿಯೇ. ಈ ಮರಿಗಳಿಗೆ ಜೀರ್ಣನಾಳವಿಲ್ಲ. ತಾಯಿಯಿಂದ ಬಂದ ಸಂಗ್ರಹವಷ್ಟೇ ಅವುಗಳ ಬುತ್ತಿ. ಏಡಿಗಳು ದಟ್ಟವಾಗಿರುವ ತೀರದಲ್ಲಿ ಅದು ಸಾಕಾದೀತು, ಆದರೆ ನಿಮ್ಮ ಪ್ರಾಣಿಗಳು ಚದುರಿ ಬದುಕುವ ತೆರೆದ ಸಾಗರದಲ್ಲಿ ಬುತ್ತಿ ಮುಗಿಯುವುದರೊಳಗೆ ಒಂದು ಮೈ ಸಿಗುವುದು ಕಷ್ಟ. ಈಜುಪ್ರಾಣಿಗಳು ಸಂತಾನಕ್ಕಾಗಿ ಒಂದೆಡೆ ಸೇರುವ ಋತುವಿನಲ್ಲಿ ಮಾತ್ರ ಚೀಲ ಒಡೆಯುವಂತೆ ಮಾಡಿದರೆ ಈ ತೊಡಕು ಬಿಡಿಸಿಕೊಳ್ಳುತ್ತದೆ.

ಇನ್ನು ಆಮ್ಲಜನಕದ ಪ್ರಶ್ನೆ. ಸಾಲ್ಮನ್ ಮೀನಿನ ಸ್ನಾಯುವಿನಲ್ಲಿ ಬದುಕುವ ಹೆನೆಗುಯ ಎಂಬ ಪರಾವಲಂಬಿಗೆ ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಭಾಗದ) ಜೀನೋಮ್, ಅಂದರೆ ಅದರದೇ ವಂಶವಾಹಿಗಳ ಸಂಗ್ರಹ, ಇಲ್ಲವೆಂದು 2020ರಲ್ಲಿ ಪ್ರಕಟವಾಯಿತು. ಎಂದರೆ ಪ್ರಾಣಿಗಳು ಉಸಿರಾಟಕ್ಕೆ ಬಳಸುವ ವ್ಯವಸ್ಥೆಯನ್ನೇ ಅದು ತೊರೆದಿದೆ. ಆದ್ದರಿಂದ ನಿಮ್ಮ ಊಹೆ ಅತಿರೇಕದ್ದಲ್ಲ. ಹತ್ತಕ್ಕಿಂತ ಕಡಿಮೆ ಜೀವಕೋಶಗಳ ಈ ಪ್ರಾಣಿ ಲೋಳೆಮೀನುಗಳ ದೂರದ ಬಂಧು, ಮತ್ತು ಇಷ್ಟೆಲ್ಲ ಕಳೆದುಕೊಂಡ ಮೇಲೂ ಲೋಳೆಮೀನಿನ ಕುಟುಕುಕೋಶವನ್ನು ಹೋಲುವ ಸುರುಳಿದಾರದ ಕೋಶಗಳನ್ನು ಅದು ಉಳಿಸಿಕೊಂಡಿದೆ. ನೆರಳುಬೇರನ್ನು ಎಷ್ಟು ಬೇಕಾದರೂ ಸರಳಗೊಳಿಸಿ, ಆದರೆ ಬಾರ್ನಕಲ್ ಮರಿಗಳ ತಲೆಯ ಎರಡೂ ಬದಿಗೆ ಇರುವ ಪುಟ್ಟ ಕೊಂಬುಗಳನ್ನು ವಂಶದ ಗುರುತಾಗಿ ಅದರ ಮರಿಯಲ್ಲಿ ಬಿಟ್ಟಿರಿ.