ಅಮೆರಿಕದ ಹೋಟೆಲಿನ ಬಿಲ್ಲಿನಲ್ಲಿ ಖಾಲಿ ಉಳಿದ ಸಾಲು
ಡಲ್ಲಾಸಿನ ಹೋಟೆಲಿನಲ್ಲಿ ಪೂರ್ತಿ ಬಿಲ್ಲು ಕೊಟ್ಟ ಮೇಲೂ ಬಡಿಸಿದಾಕೆ ಬಂದು ‘ಸೇವೆಯಲ್ಲಿ ಕೊರತೆಯಾಯಿತೇ’ ಎಂದು ಕೇಳಿದ್ದೇಕೆ ಎಂಬುದು ನಿಮ್ಮ ಪ್ರಶ್ನೆ. ರಸೀದಿಯಲ್ಲಿ ಟಿಪ್ಸ್ ಮೊತ್ತ ಬರೆಯುವ ಸಾಲನ್ನು ನೀವು ಖಾಲಿ ಬಿಟ್ಟದ್ದೇ ಬಹುಶಃ ಕಾರಣ. ಅಲ್ಲಿ ಟಿಪ್ಸ್ ಎಂಬುದು ನಮ್ಮಲ್ಲಿಯಂತೆ ಖುಷಿಗೆ ಕೊಡುವ ಚಿಲ್ಲರೆಯಲ್ಲ, ದುಡಿಮೆಯ ಮುಖ್ಯ ಭಾಗ. ಟಿಪ್ಸ್ ಪಡೆಯುವವರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ನಗದು ಕೂಲಿ ಫೆಡರಲ್ (ಇಡೀ ದೇಶದ) ಕಾನೂನಿನಲ್ಲಿ 1991ರಿಂದಲೂ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ, ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯ ಅದನ್ನೇ ಅನುಸರಿಸುತ್ತದೆ.

ಮುಂದಿನ ಸಲ ಮೊದಲು ಬಿಲ್ಲಿನಲ್ಲಿ ‘ಗ್ರಾಟ್ಯುಟಿ’ ಆಗಲೇ ಸೇರಿದೆಯೇ ನೋಡಿ (ಅಲ್ಲಿ ಈ ಪದಕ್ಕೆ ಟಿಪ್ಸ್ ಎಂದೇ ಅರ್ಥ, ನಿವೃತ್ತಿಯ ಹಣವಲ್ಲ). ಇಲ್ಲದಿದ್ದರೆ ತೆರಿಗೆಗೆ ಮೊದಲಿನ ಮೊತ್ತದ ಶೇ. 18ರಿಂದ 20ರಷ್ಟನ್ನು, ಅಂದರೆ 40 ಡಾಲರಿನ ಊಟಕ್ಕೆ ಸುಮಾರು 8 ಡಾಲರನ್ನು, ಟಿಪ್ ಸಾಲಿನಲ್ಲಿ ಬರೆದು, ಒಟ್ಟು ಮೊತ್ತ ತುಂಬಿ ಸಹಿ ಹಾಕಿ. ಕೌಂಟರಿನಲ್ಲಿ ಪಾರ್ಸೆಲ್ ಪಡೆಯುವಾಗ ಪರದೆಯ ಮೇಲೆ ಟಿಪ್ಸ್ ಕೇಳಿದರೂ ಕೊಡಲೇಬೇಕೆಂದಿಲ್ಲ.