ಅಡ್ವೈಸ್‌ಗೊಂದು ಹೆಸರಿಡಿ

ಪ್ರಶ್ನೆ: ಇಮ್ಯಾಕ್ಸ್ ಎಡಿಟರ್‌ನಲ್ಲಿ ಫೈಲ್ ಉಳಿಸುವ ಸೇವ್-ಬಫರ್ ಫಂಕ್ಷನ್‌ಗೆ ಹಿಂದೆ ಯಾವಾಗಲೋ ಅಡ್ವೈಸ್ (ಮೂಲ ಕೋಡ್ ಮುಟ್ಟದೆ ಫಂಕ್ಷನ್‌ನ ವರ್ತನೆ ಬದಲಿಸುವ ತುಣುಕು) ಸೇರಿಸಿದ್ದೆ. ಏನು ಬದಲಾಯಿಸಿದ್ದೆ ಅಂತ ಈಗ ನೆನಪಿಲ್ಲ. ಸಹಾಯದ ಪುಟದಲ್ಲಿ ಗೊತ್ತಾಗುತ್ತದೆಯೇ?

ಉತ್ತರ: ಗೊತ್ತಾಗುತ್ತದೆ. ಕಂಟ್ರೋಲ್-ಎಚ್, ಆಮೇಲೆ ಎಫ್ ಒತ್ತಿ, ಫಂಕ್ಷನ್ ಹೆಸರು ಕೊಡಿ. ಅಡ್ವೈಸ್‌ನ ಬಗೆ, ಹೆಸರು ಎರಡೂ ವಿವರಣೆಯಲ್ಲೇ ಕಾಣುತ್ತವೆ. ಆದರೆ ಅಡ್ವೈಸ್ ಆಗಿ ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಫಂಕ್ಷನ್, ಹಾಕಿದ್ದರೆ ಕಷ್ಟ. ನಾನೂ ಹಾಗೇ ಮಾಡಿ, ಒಂದು ಭಾನುವಾರ ಪೂರ್ತಿ ಇನಿಟ್ ಫೈಲ್ (ಇಮ್ಯಾಕ್ಸ್ ಶುರುವಾಗುವಾಗ ಓದುವ ಸೆಟ್ಟಿಂಗ್ಸ್ ಫೈಲ್) ಜಾಲಾಡಿದ್ದೇನೆ. ಅದಕ್ಕೇ ಅಡ್ವೈಸ್ ಅನ್ನು ಡಿಫನ್‌ನಲ್ಲಿ (ಫಂಕ್ಷನ್ ಬರೆಯಲು ಬಳಸುವ ಆಜ್ಞೆ) ಹೆಸರಿಟ್ಟು ಬರೆಯಿರಿ. ಯಾಕೆ ಬದಲಾಯಿಸಿದಿರಿ ಅಂತ ಅದರ ಡಾಕ್‌ಸ್ಟ್ರಿಂಗ್‌ನಲ್ಲಿ, ಅಂದರೆ ಫಂಕ್ಷನ್ ಒಳಗೇ ಬರೆಯುವ ವಿವರಣೆಯಲ್ಲಿ, ಎರಡು ಸಾಲು ಹಾಕಿ. ಸಹಾಯದ ಪುಟದಲ್ಲಿ ಆ ಹೆಸರೇ ಕೊಂಡಿಯಾಗುತ್ತದೆ, ಒತ್ತಿದರೆ ನಿಮ್ಮ ಸಾಲುಗಳು ತೆರೆಯುತ್ತವೆ. ಮುಂದೆ ಅಡ್ವೈಸ್ ತೆಗೆಯಲೂ ಆ ಹೆಸರಿದ್ದರೆ ಸುಲಭ, ಅಲ್ವಾ? ಮೂಲ ಫಂಕ್ಷನ್ ಅನ್ನೇ ಮತ್ತೆ ಡಿಫನ್ ಮಾಡಬೇಡಿ. ಅದರ ಹಳೇ ವಿವರಣೆಯೇ ಮರೆಯಾಗಿಬಿಡುತ್ತದೆ.