ಬಾಗಿಲು ಮುಚ್ಚಿದ್ದು ಕಾಲವೇ?

ಬಳ್ಳಾರಿಯ ಕೌಲ್ ಬಜಾರಿನಿಂದ ಓದುಗರೊಬ್ಬರು ಬರೆದಿರುವ ದೀರ್ಘ ಪತ್ರ ಕೈಸೇರಿದೆ. ಹೆಸರನ್ನು ಪ್ರಕಟಿಸಬಾರದೆಂದು ಅವರು ಕೋರಿರುವುದರಿಂದ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ತಂದೆ ತೀರಿಕೊಂಡ ಮೇಲೆ ಅವರು ಹಳೆಯ ಟ್ರಂಕನ್ನು ತೆಗೆದಾಗ, ಅಜ್ಜಿಯ ಇಳಕಲ್ ಸೀರೆಯ ಮಡಿಕೆಯೊಳಗೆ ಒಂದು ಮದುವೆಯ ಫೋಟೋ ಮತ್ತು ಒಂದು ನೀಲಿ ಏರೋಗ್ರಾಂ ಸಿಕ್ಕವು. ಫೋಟೋದಲ್ಲಿ ಇದ್ದವರು ಅವರ ದೊಡ್ಡಪ್ಪ ಮತ್ತು ಒಬ್ಬ ಇಂಗ್ಲಿಷ್ ಹೆಣ್ಣುಮಗಳು. ಎಂಜಿನಿಯರಿಂಗ್ ಓದಲು ಲಂಡನ್ನಿಗೆ ಹೋಗಿದ್ದ ದೊಡ್ಡಪ್ಪ 1953ರಲ್ಲಿ ಅಲ್ಲಿಯೇ ಮದುವೆಯಾದರು. ತಾತ ಮಗನ ಕಾಗದಗಳನ್ನು ಒಡೆಯದೆ ಅಂಚೆಯವನ ಕೈಯಲ್ಲೇ ಹಿಂದಕ್ಕೆ ಕಳುಹಿಸಿದರು, ಮನೆಯಲ್ಲಿ ಆ ಹೆಸರನ್ನು ಎತ್ತುವಂತಿರಲಿಲ್ಲ. ಹುಡುಗಿಯ ತಂದೆಯೂ ಮದುವೆಗೆ ಬರಲಿಲ್ಲವೆಂದು, ಬಣ್ಣ ನೋಡಿ ಬಾಡಿಗೆ ಕೋಣೆಯನ್ನೂ ಯಾರೂ ಕೊಡಲಿಲ್ಲವೆಂದು ಸಿಕ್ಕಿದ ಆ ಒಂದು ಕಾಗದದಲ್ಲಿದೆ. ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಈಗಿಲ್ಲ. ಇಂಗ್ಲೆಂಡಿನಲ್ಲಿರುವ ಅವರ ಮಗಳ ವಿಳಾಸ ಸಿಕ್ಕಿದೆ. ಪತ್ರದ ಕೊನೆಯ ಪ್ರಶ್ನೆಗಳು ಇವು: “ಕಾಲವೇ ಹಾಗಿತ್ತು ಎಂದು ಅಪ್ಪ ಹೇಳುತ್ತಿದ್ದರು. ಅದು ನಿಜವಲ್ಲವೇ? ಅಮೆರಿಕದಲ್ಲಿದ್ದಂತೆ ನಮ್ಮಲ್ಲಿ ಇಂಥ ಮದುವೆಗೆ ಕಾನೂನಿನ ಅಡ್ಡಿಯಾದರೂ ಇರಲಿಲ್ಲವಲ್ಲ? ಇಷ್ಟು ವರ್ಷಗಳ ಮೇಲೆ ನಾನು ಆಕೆಗೆ ಬರೆಯಬಹುದೇ?”

ಮಾನ್ಯರೇ,

ನಿಮ್ಮ ತಂದೆಯವರ ಮಾತನ್ನು ನಾನು ಒಪ್ಪಲಾರೆ. ಅವರ ಮೇಲಿನ ಗೌರವಕ್ಕೆ ಕುಂದು ತರಲು ಹೀಗೆ ಹೇಳುತ್ತಿಲ್ಲ. ಹೆತ್ತವರ ತಪ್ಪನ್ನು ಬಾಯಿಬಿಟ್ಟು ಹೇಳಲಾರದ ಮಕ್ಕಳು ಅದನ್ನು ಕಾಲದ ತಲೆಗೆ ಕಟ್ಟುವುದು ಸಹಜ. ಆದರೆ ಒಂದು ಕಾಲದವರೆಲ್ಲರೂ ಒಂದೇ ರೀತಿ ಯೋಚಿಸಿದ್ದರೆಂಬುದು ಎಲ್ಲಿಯೂ ನಿಜವಾಗಿರಲಿಲ್ಲ. ಬೇರೆ ಯಾವುದೂ ಬೇಡ, ನಿಮ್ಮ ದೊಡ್ಡಪ್ಪನ ಮದುವೆಯಾದ ವರ್ಷವನ್ನೇ, ಆ ಊರನ್ನೇ ತೆಗೆದುಕೊಳ್ಳೋಣ.

1942ರಲ್ಲಿ ಸಂಧಾನಕ್ಕೆಂದು ಭಾರತಕ್ಕೆ ಬಂದಿದ್ದ ಸರ್ ಸ್ಟಾಫರ್ಡ್ ಕ್ರಿಪ್ಸ್ ಅವರ ಹೆಸರನ್ನು ಶಾಲೆಯ ಪಾಠದಲ್ಲಿ ಓದಿಯೇ ಇರುತ್ತೀರಿ. ಅವರ ಮಗಳು ಪೆಗ್ಗಿ, ಇಂದಿನ ಘಾನಾ ಆಗಿರುವ ಗೋಲ್ಡ್ ಕೋಸ್ಟ್‌ನಿಂದ ಕಾನೂನು ಓದಲು ಬಂದಿದ್ದ ಜೋ ಅಪ್ಪಿಯಾ ಅವರನ್ನು 1953ರ ಜುಲೈನಲ್ಲಿ ಲಂಡನ್ನಿನಲ್ಲಿ ಮದುವೆಯಾದರು. ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ದಕ್ಷಿಣ ಆಫ್ರಿಕಾದ ಮಂತ್ರಿಯೊಬ್ಬರು ಆ ಮದುವೆಯ ಚಿತ್ರವನ್ನು ತಮ್ಮ ಸಂಸತ್ತಿನಲ್ಲಿ ಎತ್ತಿ ತೋರಿಸಿ ಹೀಗಳೆದರು. ಕ್ರಿಪ್ಸ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ತಾಯಿ ಇಸೊಬೆಲ್ ಮಗಳನ್ನು ತಡೆಯಲಿಲ್ಲ, ಹಾಗೆಂದು ಕಣ್ಣುಮುಚ್ಚಿ ಹೂಂಗುಟ್ಟಲೂ ಇಲ್ಲ. ಮದುವೆಗೆ ಮೊದಲು ಒಬ್ಬಳೇ ಗೋಲ್ಡ್ ಕೋಸ್ಟ್‌ಗೆ ಹೋಗಿ ಹುಡುಗನ ಮನೆಯವರನ್ನೂ ಊರನ್ನೂ ಕಂಡು ಬಾ ಎಂದು ಕಳುಹಿಸಿದರು. ನಮ್ಮ ಕಡೆ ಸಂಬಂಧ ಬೆಳೆಸುವ ಮುನ್ನ ಹೆಣ್ಣಿನವರು ಗಂಡಿನ ಮನೆ ನೋಡಿ ಬರುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಆ ತಾಯಿಗೂ ಒಳಗೆ ಅಳುಕು ಇದ್ದಿರಬಹುದು, ಇದ್ದರೆ ಅದು ತಪ್ಪೂ ಅಲ್ಲ. ಮುನ್ನೋಡದೆ ಬಾಗಿಲು ಹಾಕುವುದಕ್ಕಿಂತ ನೋಡಿ ತಿಳಿಯುವುದು ಮೇಲೆಂದು ಅವರಿಗೆ ತೋಚಿತು. ನಿಮ್ಮ ತಾತ ಮಾಡಬೇಕಾಗಿದ್ದುದು ಇದಕ್ಕಿಂತ ಎಷ್ಟೋ ಸುಲಭವಾಗಿತ್ತು: ಬಂದ ಕಾಗದವನ್ನು ಒಡೆದು ಓದಬೇಕಾಗಿತ್ತು.

ತಾತ ಸಣ್ಣ ಮನಸ್ಸಿನವರಾಗಿರಲಿಲ್ಲವೆಂದು ನೀವು ಬರೆದಿದ್ದೀರಿ, ಅದನ್ನು ನಂಬುತ್ತೇನೆ. ಬಳ್ಳಾರಿ ಕನ್ನಡನಾಡಿಗೆ ಸೇರಬೇಕೆಂದು ಹಗಲಿರುಳು ಓಡಾಡಿ, 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ ದಿನ ಓಣಿಗೆಲ್ಲ ಸಿಹಿ ಹಂಚಿದವರು ಅವರು. ದಿನವೂ ವಚನ ಓದುತ್ತಿದ್ದವರು. ಹರಳಯ್ಯನ ಮಗ ಶೀಲವಂತನಿಗೂ ಮಧುವರಸನ ಮಗಳು ಲಾವಣ್ಯಳಿಗೂ ಕಲ್ಯಾಣದಲ್ಲಿ ಮದುವೆಯಾಯಿತೆಂದು, ಅದಕ್ಕಾಗಿ ಆ ಇಬ್ಬರು ತಂದೆಯರು ಜೀವ ತೆತ್ತರೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಕಥೆಯನ್ನು ನಿಮ್ಮ ತಂದೆ ತಾತನ ಬಾಯಿಂದಲೇ ಕೇಳಿದ್ದರಂತೆ. ಅಲ್ಲಿ ಅಡ್ಡ ಬಂದದ್ದು ಜಾತಿ, ಇಲ್ಲಿ ಬಣ್ಣ ಮತ್ತು ಧರ್ಮ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು ಎಂಬುದು ನನಗೂ ಗೊತ್ತು. ಆದರೂ ಮಕ್ಕಳ ಪಕ್ಕದಲ್ಲಿ ನಿಂತ ತಂದೆಯರ ಕಥೆ ತಿಳಿದಿದ್ದವರಿಗೆ ಬೇರೊಂದು ದಾರಿ ಇತ್ತೆಂಬುದು ತಿಳಿದಿರಲಿಲ್ಲ ಎನ್ನಲಾಗದು.

ತಾತನಿಗೆ ಕಾರಣಗಳಿದ್ದವು. ನಮ್ಮನ್ನು ಆಳಿ ಹೋದವರ ಮನೆಯ ಹುಡುಗಿ ಎಂಬ ಕಹಿ ಒಂದು. ದಂಡಿನ ಪ್ರದೇಶವನ್ನು ಕಣ್ಣೆದುರೇ ಕಂಡು ಬೆಳೆದ ಬಳ್ಳಾರಿಯವರಿಗೆ ಆ ಕಹಿ ಪುಸ್ತಕದಿಂದ ಬಂದದ್ದಲ್ಲ. ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು ಮನೆಯಲ್ಲಿದ್ದರು, ಅವರಿಗೆ ಗಂಡು ಸಿಗುವುದಿಲ್ಲವೆಂಬ ಭಯ ಇನ್ನೊಂದು. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಮ್ಮ ಊರುಗಳಲ್ಲಿ ಅದು ಇಂದಿಗೂ ಹುಸಿಯಲ್ಲ. ಆದರೆ ಆ ಇಬ್ಬರಿಗೂ ಮದುವೆಯಾಗಿ ಮಕ್ಕಳಾದ ಮೇಲೂ ಕಾಗದಗಳು ಹಿಂದಕ್ಕೆ ಹೋಗುತ್ತಲೇ ಇದ್ದವೆಂದು ನೀವೇ ಬರೆದಿದ್ದೀರಿ. ಆಗ ಉಳಿದದ್ದು ಹಟ ಮಾತ್ರ, ಅದನ್ನು ಕಾಲ ತಂದು ಕೊಟ್ಟಿರಲಿಲ್ಲ.

ಮನೆಯವರ ವಿರೋಧ ಕರಗುವುದೇ ಇಲ್ಲವೆಂಬುದೂ ಸುಳ್ಳು. ಇಂದಿನ ಬೋಟ್ಸ್‌ವಾನಾದ ಬಾಮಂಗ್ವಾಟೊ ಜನರ ಅರಸುಪಟ್ಟಕ್ಕೆ ಹಕ್ಕುದಾರನಾಗಿದ್ದ ಸೆರೆಟ್ಸೆ ಖಾಮಾ, ಲಂಡನ್ನಿನಲ್ಲಿ ಓದುತ್ತಿದ್ದಾಗ ರುತ್ ವಿಲಿಯಮ್ಸ್ ಎಂಬ ಬಿಳಿಯ ಯುವತಿಯನ್ನು 1948ರ ಸೆಪ್ಟೆಂಬರಿನಲ್ಲಿ ಮದುವೆಯಾದ. ಚರ್ಚಿನಲ್ಲಿ ನಡೆಯಬೇಕಾಗಿದ್ದ ಮದುವೆಗೆ ಬಿಷಪ್ ಅಡ್ಡ ಬಂದುದರಿಂದ ಅದು ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿಯಿತು. ರುತ್‌ಳನ್ನು ಅವಳ ತಂದೆ ದೂರ ಮಾಡಿದ. ಸೆರೆಟ್ಸೆಯನ್ನು ಸಾಕಿ ಬೆಳೆಸಿ, ಅವನ ಪರವಾಗಿ ನಾಡನ್ನಾಳುತ್ತಿದ್ದ ಚಿಕ್ಕಪ್ಪ ತ್ಶೆಕೆಡಿ ಸಿಟ್ಟಿಗೆದ್ದು ಅವನನ್ನು ಊರಿಗೆ ಕರೆಸಿದ. ಮುಂದೆ ನಡೆದದ್ದನ್ನು ಗಮನಿಸಬೇಕು. ಸೆರೋವೆ ಎಂಬ ಊರಿನಲ್ಲಿ ಜನ ಬಯಲಿನಲ್ಲಿ ಸಭೆ ಸೇರಿ, ಒಂದು ಸಲ ಅಲ್ಲ, ಮತ್ತೆ ಮತ್ತೆ ಸೇರಿ, ಪರ ವಿರೋಧಗಳನ್ನು ಎಲ್ಲರ ಎದುರು ಆಡಿದರು. ಮೊದಲು ಬೇಡವೆಂದವರೇ 1949ರ ಜೂನ್ ಸಭೆಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಎದ್ದು ನಿಂತು ಸೆರೆಟ್ಸೆಯನ್ನೂ ಅವನ ಹೆಂಡತಿಯನ್ನೂ ಒಪ್ಪಿದರು. ಒಪ್ಪದೆ ಉಳಿದದ್ದು ಬ್ರಿಟಿಷ್ ಸರ್ಕಾರ. ಅದೇ ವರ್ಷ ಬಿಳಿಯರೂ ಬಿಳಿಯರಲ್ಲದವರೂ ಮದುವೆಯಾಗುವುದನ್ನು ನಿಷೇಧಿಸಿದ್ದ ದಕ್ಷಿಣ ಆಫ್ರಿಕಾದ ಮುಲಾಜಿಗೆ ಬಿದ್ದು, 1950ರಲ್ಲಿ ಮಾತುಕತೆಗೆಂದು ಅವನನ್ನು ಲಂಡನ್ನಿಗೆ ಕರೆಸಿಕೊಂಡು, ತಿರುಗಿ ಹೋಗದಂತೆ ತಡೆಯಿತು. ಗಂಡ ಹೆಂಡತಿ ಊರಿಗೆ ಮರಳಿದ್ದು 1956ರಲ್ಲಿ, ಪಟ್ಟದ ಹಕ್ಕನ್ನು ಬಿಟ್ಟುಕೊಟ್ಟ ಮೇಲೆ. ಆ ಹೊತ್ತಿಗೆ ಚಿಕ್ಕಪ್ಪನೂ ಅವನೂ ರಾಜಿಯಾಗಿದ್ದರು. 1966ರಲ್ಲಿ ದೇಶ ಸ್ವತಂತ್ರವಾದಾಗ ಸೆರೆಟ್ಸೆಯೇ ಮೊದಲ ಅಧ್ಯಕ್ಷನಾದ. ಬೈದಾಡಿದರೂ ಮಾತು ಬಿಡದಿದ್ದುದೇ ಆ ಮನೆತನವನ್ನು ಉಳಿಸಿತೆಂದು ನನ್ನ ನಂಬಿಕೆ. ನಿಮ್ಮ ಮನೆಯಲ್ಲಿ ಮಾತೇ ನಿಂತುಹೋಯಿತು.

ಇನ್ನು ಕಾನೂನಿನ ಮಾತು. ಅಮೆರಿಕದ ವರ್ಜೀನಿಯಾದಲ್ಲಿ 1958ರ ಜುಲೈನ ಒಂದು ರಾತ್ರಿ, ಬಿಳಿಯನಾದ ರಿಚರ್ಡ್ ಲವಿಂಗ್ ಮತ್ತು ಕಪ್ಪು ಬಣ್ಣದ ಮಿಲ್ಡ್ರೆಡ್ ಮಲಗಿದ್ದ ಕೋಣೆಗೆ ಪೊಲೀಸರು ನುಗ್ಗಿದರು. ಗೋಡೆಗೆ ತೂಗುಹಾಕಿದ್ದ ಮದುವೆಯ ಪ್ರಮಾಣಪತ್ರವನ್ನು ತೋರಿಸಿದರೆ, ಇಲ್ಲಿ ಅದು ನಡೆಯುವುದಿಲ್ಲ ಎಂದರು. 25 ವರ್ಷ ರಾಜ್ಯ ಬಿಟ್ಟು ಹೋಗುವುದಾದರೆ ಜೈಲಿಲ್ಲ ಎಂದಿತು ನ್ಯಾಯಾಲಯ. 1967ರ ಜೂನ್ 12ರಂದು ಸುಪ್ರೀಂ ಕೋರ್ಟ್ ಇಂಥ ಕಾನೂನುಗಳನ್ನು ತೊಡೆದುಹಾಕಿತು, ಆಗ ಅವು 16 ರಾಜ್ಯಗಳಲ್ಲಿದ್ದವು. ಮರುವರ್ಷ ಗ್ಯಾಲಪ್ ಸಮೀಕ್ಷೆಯವರು ಕೇಳಿದಾಗ ಬಿಳಿಯರ ಮತ್ತು ಕಪ್ಪು ಜನರ ನಡುವಿನ ಮದುವೆಯನ್ನು ಒಪ್ಪಿದವರು ನೂರಕ್ಕೆ 20 ಮಂದಿ ಮಾತ್ರ.

ನಮ್ಮಲ್ಲಿ ನಿಷೇಧವಿರಲಿಲ್ಲ, ನಿಜ. ಆದರೆ ಕಾನೂನು ಕೈಕಟ್ಟಿ ಕುಳಿತಿರಲೂ ಇಲ್ಲ. 1872ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು, ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ ಎಂದು ಘೋಷಿಸಿ ಸಹಿ ಹಾಕಬೇಕಾಗಿತ್ತು. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮೊಳಗೆ ಮದುವೆಯಾಗುವಾಗ ಮಾತ್ರ ಈ ಘೋಷಣೆಯನ್ನು ಬಿಟ್ಟಿತು. ಬಿಟ್ಟ ಕೈಯಲ್ಲೇ, ಹಾಗೆ ಮದುವೆಯಾದವನು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಎಂದಿತು, ಬೇರೆ ಗಂಡುಮಕ್ಕಳಿಲ್ಲದ ತಂದೆ ಇನ್ನೊಬ್ಬನನ್ನು ದತ್ತು ತೆಗೆದುಕೊಳ್ಳಬಹುದೆಂದೂ ಬರೆಯಿತು. ಮಗ ಬದುಕಿರುವಾಗಲೇ ಅವನ ಜಾಗಕ್ಕೆ ಮತ್ತೊಬ್ಬ! 1954ರ ಕಾಯ್ದೆ ಧರ್ಮ ಬಿಡಬೇಕೆಂಬ ಷರತ್ತನ್ನು ತೆಗೆಯಿತಾದರೂ, ಹಿಂದೂ ಅಲ್ಲದವರನ್ನು ಮದುವೆಯಾಗುವ ಹಿಂದೂವಿಗೆ ಅವಿಭಕ್ತ ಕುಟುಂಬದಿಂದ ಬೇರ್ಪಡುವ ನಿಯಮ ಇಂದಿಗೂ ಉಳಿದಿದೆ. ನಿಮ್ಮ ದೊಡ್ಡಪ್ಪನ ಮದುವೆ ಇಂಗ್ಲೆಂಡಿನ ಕಾನೂನಿನಂತೆ ನಡೆದದ್ದರಿಂದ ಇದು ಅವರಿಗೆ ತಟ್ಟಲಿಲ್ಲ. ಅವರನ್ನು ಹೊರಗಿಟ್ಟ ಮನಸ್ಸು ಮಾತ್ರ ಈ ಕಾಯ್ದೆಯನ್ನು ಬರೆದ ಮನಸ್ಸಿನದೇ ನೆಂಟ. ಇಂಗ್ಲೆಂಡಿನಲ್ಲಿಯೂ ಬಣ್ಣ ನೋಡಿ ಬಾಡಿಗೆ ಮನೆ ನಿರಾಕರಿಸುವುದು ಕಾನೂನಿಗೆ ವಿರುದ್ಧವಾದದ್ದು 1968ರಲ್ಲಿ, ನಿಮ್ಮ ದೊಡ್ಡಪ್ಪ ಕೋಣೆ ಹುಡುಕಿ ಅಲೆದ ಎಷ್ಟೋ ವರ್ಷಗಳ ನಂತರ.

ನಿಮ್ಮ ಪತ್ರದಲ್ಲಿ ನೀವು ಹಾಗೆಯೇ ದಾಟಿ ಹೋದ ಒಂದು ವಿವರ ನನ್ನನ್ನು ತಡೆದು ನಿಲ್ಲಿಸಿತು. ಆ ಏರೋಗ್ರಾಂ ಮೇಲಿನ ವಿಳಾಸ ಬಳ್ಳಾರಿಯದಲ್ಲ, ಅಜ್ಜಿಯ ತವರೂರಾದ ಕೊಪ್ಪಳದ್ದು ಎಂದಿದ್ದೀರಿ. ಕಾಗದದ ಮೊದಲ ಸಾಲು “ಅವ್ವಾ, ನಿನ್ನ ಕಾಗದ ಮುಟ್ಟಿತು” ಎಂದಿದೆ. ಹಾಗಾದರೆ ಅಜ್ಜಿ ಮಗನಿಗೆ ಬರೆದಿದ್ದರು. ಅಕ್ಷರ ಬಾರದ ಅವರು ತವರಿನಲ್ಲಿ ಯಾರ ಕೈಯಿಂದಲೋ ಬರೆಸಿದ್ದರು, ಬರೆದುಕೊಟ್ಟವರೂ ಬಾಯಿಬಿಡಲಿಲ್ಲ. ತಾತನ ಕಾಲವೇ ಅಜ್ಜಿಯ ಕಾಲವೂ ಆಗಿತ್ತಲ್ಲವೇ?

ಆಕೆಗೆ ಬರೆಯಬಹುದೇ ಎಂದು ಕೇಳಿದ್ದೀರಿ. ಬರೆಯಿರಿ. ತಡವಾಯಿತೆಂಬ ಸಂಕೋಚಕ್ಕೆ ಉತ್ತರವಾಗಿ ನಮ್ಮ ಸೀಮೆಗೆ ಹತ್ತಿರದ ಒಂದು ಸಂಗತಿ ಹೇಳುತ್ತೇನೆ. 1800ರ ಅಕ್ಟೋಬರಿನ ಒಪ್ಪಂದದಂತೆ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಕಂಪನಿಯ ಪರವಾಗಿ ಆ ಒಪ್ಪಂದ ಕುದುರಿಸಿದವನು ಹೈದರಾಬಾದಿನ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್. ಅದೇ ಹೊತ್ತಿನಲ್ಲಿ ಅವನು ಅಲ್ಲಿನ ದೊಡ್ಡ ಮನೆತನದ ಖೈರುನ್ನೀಸಾಳನ್ನು ಪ್ರೀತಿಸಿ, ಇಸ್ಲಾಂ ಸ್ವೀಕರಿಸಿ ಮದುವೆಯಾದ. ಹುಡುಗಿಯ ತಾತ ಒಪ್ಪಲಿಲ್ಲ, ತಾಯಿ ಶರಫುನ್ನೀಸಾ ಮಗಳ ಜೊತೆ ನಿಂತಳು. ಗವರ್ನರ್ ಜನರಲ್ ವೆಲ್ಲೆಸ್ಲಿ ವಿಚಾರಣೆ ನಡೆಸಿದ. 1805ರಲ್ಲಿ ಇಬ್ಬರು ಎಳೆಯ ಮಕ್ಕಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು, ಅದೇ ವರ್ಷ ಕರ್ಕ್‌ಪ್ಯಾಟ್ರಿಕ್ ತೀರಿಕೊಂಡ, ತಾಯಿ ಮತ್ತೆ ಮಕ್ಕಳ ಮುಖ ಕಾಣದೆ 1813ರಲ್ಲಿ ಸತ್ತಳು. ಆ ಮಕ್ಕಳಲ್ಲಿ ಒಬ್ಬಳಾದ ಕ್ಯಾಥರೀನ್, ಹೈದರಾಬಾದ್ ಬಿಟ್ಟು ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ, ತನ್ನ ಅಜ್ಜಿ ಶರಫುನ್ನೀಸಾ ಇನ್ನೂ ಬದುಕಿದ್ದಾಳೆಂದು ತಿಳಿದು ಕಾಗದ ಬರೆದಳು. ಅಜ್ಜಿಗೆ ಇಂಗ್ಲಿಷ್ ಬಾರದು, ಮೊಮ್ಮಗಳಿಗೆ ಪಾರಸಿ ಬಾರದು. 1847ರಲ್ಲಿ ಅಜ್ಜಿ ತೀರಿಕೊಳ್ಳುವವರೆಗೂ ಅವರಿಬ್ಬರ ಪತ್ರವ್ಯವಹಾರ ನಡೆಯಿತು.

ದೊಡ್ಡಪ್ಪನ ಮಗಳೆಂದರೆ ಆಕೆ ನಿಮಗೆ ಅಕ್ಕ. ಮೊದಲ ಪತ್ರ ಚಿಕ್ಕದಾಗಿರಲಿ, ಇಂಗ್ಲಿಷಿನಲ್ಲಿರಲಿ. ನೀವು ಯಾರೆಂದು, ವಿಳಾಸ ಹೇಗೆ ಸಿಕ್ಕಿತೆಂದು ತಿಳಿಸಿ. ಕಾಗದಗಳು ಯಾಕೆ ಹಿಂದಿರುಗಿದವೆಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ, ತಾತನ ಪರವಾಗಿ ವಾದಿಸಬೇಡಿ. ಅಜ್ಜಿ ಬರೆಸಿದ ಕಾಗದದ ವಿಷಯ ಆಕೆಗೆ ಗೊತ್ತಿಲ್ಲದಿರಬಹುದು, ಅದನ್ನು ಮರೆಯದೆ ಹೇಳಿ. ಆಸ್ತಿಪಾಸ್ತಿಯ ಮಾತು ಬೇಡ, ಉತ್ತರಕ್ಕಾಗಿ ಒತ್ತಾಯವೂ ಬೇಡ. ಆ ಮನೆಯವರಿಗೆ ನಮ್ಮಿಂದ ಆದ ನೋವು ಎಷ್ಟೆಂದು ಅಳೆಯುವ ಹಕ್ಕು ಅವರದು. ಉತ್ತರ ಬಂದರೆ ನಮಗೆ ತಿಳಿಸಿ, ಸಂತೋಷಪಡುತ್ತೇನೆ. ಆದರೆ ಆಕೆಯ ಒಪ್ಪಿಗೆ ಇಲ್ಲದೆ ಆ ಪತ್ರದ ಒಂದು ಸಾಲನ್ನೂ ಪ್ರಕಟಣೆಗೆ ಕಳುಹಿಸಬೇಡಿ.

– ಸಂಪಾದಕ